ಕನ್ನಡಕದವನ ನಾಲ್ಕು ಕೊಂಬಿನ ಕುರಿಗಳು

ಕನ್ನಡಕದವನು ಸತ್ತು ತಿಂಗಳಾದ ಮೇಲೆ ಕುರಿ ಸಂಘದವರು ಸಂತಾಪ ಸಭೆ ನಡೆಸಿದರು. ಅದಕ್ಕೆ ಮೊದಲು ನಡೆಸಲು ಆಗಲಿಲ್ಲವಂತೆ. ಸಂಘದ ಅಧ್ಯಕ್ಷನ ಟೈಲ್ಸ್ ಅಂಗಡಿಯಲ್ಲಿ ರಿಯಾಯಿತಿ ಮಾರಾಟವಿತ್ತು, ಮೇಲಿನ ಸಭಾಂಗಣದ ತುಂಬ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಗಳು ಖಾಲಿಯಾದ ಮೇಲೆ ದುಃಖಕ್ಕೆ ಜಾಗವಾಯಿತು.

ಅಧ್ಯಕ್ಷ ಅರ್ಧ ಗಂಟೆ ಮಾತಾಡಿದ. ಅದರಲ್ಲಿ ಸತ್ತವನ ಬಗ್ಗೆ ಇದ್ದದ್ದು ಎರಡು ವಾಕ್ಯ. ‘ಅವರು ನಮ್ಮ ಸಂಘದ ಆಧಾರಸ್ತಂಭವಾಗಿದ್ದರು. ಅವರ ಟಗರಿನ ಕೊಂಬುಗಳನ್ನು ಮರೆಯಲು ಸಾಧ್ಯವಿಲ್ಲ.’ ಉಳಿದದ್ದೆಲ್ಲ ಸಂಘಕ್ಕೆ ತಾನು ಪುಕ್ಕಟೆಯಾಗಿ ಬಿಟ್ಟುಕೊಟ್ಟ ಸಭಾಂಗಣದ ವರ್ಣನೆ. ಅವನ ಹಿಂದೆ ಒಂದು ದೊಡ್ಡ ಫೋಟೋ ಇಟ್ಟಿದ್ದರು. ಟಗರಿನ ನಾಲ್ಕು ಕೊಂಬೂ ತುದಿಯವರೆಗೆ ಬರಲಿ ಎಂದು ಹಿಗ್ಗಿಸಿದ ಫೋಟೋ ಅದು. ಪಕ್ಕದಲ್ಲಿ ನಿಂತ ಮನುಷ್ಯನ ತಲೆ ಹಣೆಯ ಹತ್ತಿರ ಕತ್ತರಿಸಿ ಹೋಗಿತ್ತು. ಸತ್ತವನು ಅಲ್ಲಿದ್ದಿದ್ದರೆ ಮಧ್ಯದಲ್ಲೇ ಎದ್ದು ಹೋಗುತ್ತಿದ್ದ. ಹೋಗುವ ಮುಂಚೆ ಅಧ್ಯಕ್ಷನ ಕನ್ನಡಕ ಎಡಗಡೆಗೆ ವಾಲಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಹೋಗುತ್ತಿದ್ದ. ಆ ದಿನ ಅದು ನಿಜವಾಗಿಯೂ ವಾಲಿತ್ತು. ಹೇಳುವವರು ಯಾರೂ ಇರಲಿಲ್ಲ.

ಅವನ ಕನ್ನಡಕದಂಗಡಿ ಚಪ್ಪಲಿ ಅಂಗಡಿಗೂ ಫೋಟೋ ಸ್ಟುಡಿಯೋಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸಂದು. ಮುಂದೆ ಗಾಜಿನ ಕಪಾಟು, ಹಿಂದೆ ಮಸೂರ ಉಜ್ಜುವ ಯಂತ್ರ, ಅದರ ಪಕ್ಕ ತಿರುಗುವ ಸ್ಟೂಲು. ಗೋಡೆಯ ಮೇಲೆ ಅಕ್ಷರಗಳು ಸಣ್ಣಗಾಗುತ್ತ ಹೋಗುವ ಹಲಗೆ. ಗಿರಾಕಿಗಳನ್ನು ಅವನು ಗಿರಾಕಿಗಳೆಂದು ಕಂಡದ್ದೇ ಇಲ್ಲ. ಕಣ್ಣಿದ್ದೂ ಏನನ್ನೂ ನೋಡದ ಜನ ಎಂದೇ ಅವನ ಎಣಿಕೆ. ಜನ ನೋಡಲು ಕನ್ನಡಕ ಕೊಳ್ಳುವುದಿಲ್ಲ, ಇನ್ನೊಬ್ಬರು ತಮ್ಮನ್ನು ನೋಡಲಿ ಎಂದು ಕೊಳ್ಳುತ್ತಾರೆ ಎನ್ನುತ್ತಿದ್ದ.

“ಈ ಫ್ರೇಮು ನನಗೆ ಒಪ್ಪುತ್ತಾ?” ಎಂದು ಯಾರಾದರೂ ಕನ್ನಡಿಯ ಮುಂದೆ ಮುಖ ತಿರುಗಿಸುತ್ತ ಕೇಳಿದರೆ, “ಒಪ್ಪೋದು ಬಿಡೋದು ಮುಖದ ಕೆಲಸ. ಅದನ್ನ ನಾನು ಮಾರಲ್ಲ,” ಎನ್ನುತ್ತಿದ್ದ.

ಆದರೂ ಗಿರಾಕಿಗಳು ಬರುತ್ತಿದ್ದರು. ಅವನು ಕೂರಿಸಿದ ಮಸೂರ ಅಲುಗುತ್ತಿರಲಿಲ್ಲ, ಅವನು ಬಗ್ಗಿಸಿದ ಕಡ್ಡಿ ಕಿವಿಗೆ ಒತ್ತುತ್ತಿರಲಿಲ್ಲ. ಬೈಸಿಕೊಂಡು ಹೊರಗೆ ಹೋದವರು ಬೀದಿಯಲ್ಲಿ ನಿಂತು, “ಇವನಿಗೇನು ಕೊಂಬು ಬಂದಿದೆಯಾ?” ಎಂದು ಗೊಣಗುತ್ತಿದ್ದರು. ಪಕ್ಕದ ಚಪ್ಪಲಿ ಅಂಗಡಿಯವನು ತಲೆ ಎತ್ತದೆ ಉತ್ತರ ಕೊಡುತ್ತಿದ್ದ: “ಒಂದಲ್ಲ, ನಾಲ್ಕು. ಮನೆ ಹಿಂದೆ ಕಟ್ಟಿ ಹಾಕಿದಾನೆ ನೋಡಿ.”

ಮನೆಯ ಹಿಂದೆ ತಗಡಿನ ದೊಡ್ಡಿಯಿತ್ತು. ಅಲ್ಲಿ ಅವನ ಕುರಿಗಳು. ಬಿಳಿ ಮೈಯ ಮೇಲೆ ಮಸಿ ಚೆಲ್ಲಿದಂಥ ಮಚ್ಚೆ, ನೆತ್ತಿಯಿಂದ ನೆಟ್ಟಗೆ ಮೇಲೆದ್ದ ಎರಡು ಕೊಂಬು, ಕಿವಿಯ ಮುಂದಿನಿಂದ ಕೆಳಗಿಳಿದು ಕೆನ್ನೆಯ ಪಕ್ಕ ಸುತ್ತಿಕೊಂಡ ಇನ್ನೆರಡು. ಬಹಳ ಹಳೆಯ ತಳಿ. ಮಾಂಸಕ್ಕೆ ಸಾಲದ ಮೈ, ಗಿರಣಿಗೆ ಬೇಡವಾದ ಒರಟು ಉಣ್ಣೆ. ಲಾಭ ಬೇಕಾದವರು ಎಂದೋ ಬಿಟ್ಟುಬಿಟ್ಟಿದ್ದರು. ಉಳಿಸಿಕೊಂಡಿದ್ದವನು ಅವನ ಮಾವ. ಆ ಮುದುಕನ ಹಿಂಡಿನಲ್ಲಿ ನಾಲ್ಕು ಕೊಂಬಿನವೂ ಇದ್ದವು, ಎಲ್ಲ ಕುರಿಗಳಂತೆ ಎರಡೇ ಕೊಂಬಿನವೂ ಇದ್ದವು. ಎರಡೂ ಒಂದೇ ತಳಿ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟುವಂಥವು.

ಮಾವ ಹಾಸಿಗೆ ಹಿಡಿದಾಗ ಮಗಳು, ಅಳಿಯ, ಮಗ ಮೂವರನ್ನೂ ಕರೆದು ಹೇಳಿದ್ದು ಒಂದೇ ಮಾತು: “ಹಿಂಡು ಒಡೀಬೇಡಿ.” ಅವನು ಕಣ್ಣು ಮುಚ್ಚಿದ ಮೇಲೆ ಅಳಿಯ ಮಾಡಿದ ಮೊದಲ ಕೆಲಸವೇ ಒಡೆಯುವುದು. ನಾಲ್ಕು ಕೊಂಬಿನವನ್ನೆಲ್ಲ ಒಂದು ಕಡೆ ನಿಲ್ಲಿಸಿಕೊಂಡ. ಎರಡು ಕೊಂಬಿನವನ್ನು ಭಾವಮೈದನ ಕಡೆಗೆ ತಳ್ಳಿದ.

“ಇವು ನಿನಗೆ ಸರಿ,” ಎಂದ. “ನಲ್ಲಿ ರಿಪೇರಿ ಮಾಡೋನಿಗೆ ಇಷ್ಟು ಸಾಕು.”

ಭಾವಮೈದ ಹಗ್ಗ ಹಿಡಿದುಕೊಂಡು ತನ್ನ ಪಾಲನ್ನು ಹೊಡೆದುಕೊಂಡು ಹೋದ. ಅಂದಿನಿಂದ ಭಾವ–ಭಾವಮೈದುನರ ನಡುವೆ ಕುರಿಯ ಮಾತೇ ನಿಂತಿತು. ಕಂಡಾಗ ಹವಾಮಾನ ಮಾತಾಡುತ್ತಿದ್ದರು. ಹೆಂಡತಿಯ ಮುಂದೆ ಮಾತ್ರ ಕನ್ನಡಕದವನು ಅವನ ಹಿಂಡನ್ನು ‘ನಿನ್ನ ತಮ್ಮನ ಮೇಕೆಗಳು’ ಎನ್ನುತ್ತಿದ್ದ.

ಸಂಘ ಹುಟ್ಟಿದ್ದು ಆಮೇಲೆ. ಕೈಯಲ್ಲಿ ದುಡ್ಡೂ ಸಂಜೆಯಲ್ಲಿ ಬಿಡುವೂ ಇದ್ದ ಕೆಲವರಿಗೆ ಅಪರೂಪದ್ದೇನಾದರೂ ಸಾಕಬೇಕೆಂಬ ಚಪಲ ಹತ್ತಿತು. ಮೀನಿನ ತೊಟ್ಟಿ ಹಳೆಯದಾಗಿತ್ತು; ನಾಲ್ಕು ಕೊಂಬಿನ ಕುರಿ ಬಂತು. ಅವರು ಕುರಿಯನ್ನು ಹೂದಾನಿಯಂತೆ ಸಾಕಿದರು. ಕೊಂಬಿಗೆ ಎಣ್ಣೆ ತಿಕ್ಕಿ ಹೊಳಪು ಬರಿಸಿದರು, ದರ್ಜಿಯ ಟೇಪು ಹಿಡಿದು ಉದ್ದ ಅಳೆದರು, ಅದರ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಗೊರಸು ಕೊಳೆತು ಕುಂಟುತ್ತಿದ್ದರೂ ಕೊಂಬು ಮಿಂಚುತ್ತಿದ್ದರೆ ಅದೇ ಉತ್ತಮ ಟಗರು. ಎರಡು ಕೊಂಬಿನವಕ್ಕೆ ಸಂಘದಲ್ಲಿ ಪ್ರವೇಶವಿಲ್ಲ ಎಂದು ಮೊದಲ ಸಭೆಯಲ್ಲೇ ನಿಯಮ ಮಾಡಿದರು. ಆ ನಿಯಮವನ್ನು ಸೂಚಿಸಿದವನು ಬೇರಾರೂ ಅಲ್ಲ, ಕನ್ನಡಕದವನೇ.

ಅವರನ್ನೆಲ್ಲ ಅವನು ಕಾಲ ಕಸದಂತೆ ಕಾಣುತ್ತಿದ್ದ. ಪ್ರದರ್ಶನ ನಡೆದಾಗಲೆಲ್ಲ ಅವರ ಕೈಯಿಂದಲೇ ಬಹುಮಾನದ ಕಪ್ಪು ತೆಗೆದುಕೊಳ್ಳುತ್ತಲೂ ಇದ್ದ. ಕಪ್ಪನ್ನು ತಂದು ದೊಡ್ಡಿಯ ಮೂಲೆಗೆ ಎಸೆಯುತ್ತಿದ್ದ. ಹೆಂಡತಿ ಅದರಲ್ಲಿ ಹಿಂಡಿ ಅಳೆದು ಹಾಕುತ್ತಿದ್ದಳು.

“ಇಷ್ಟು ಕೀಳಾಗಿ ಕಾಣೋರ ಹತ್ರ ಕಪ್ಪು ಯಾಕೆ ಇಸ್ಕೊಂಡು ಬರ್ತೀರಾ?” ಎಂದು ಅವಳು ಒಮ್ಮೆ ಕೇಳಿದಳು.

“ಇನ್ನೊಬ್ಬನಿಗೆ ಸಿಗಬಾರ್ದಲ್ಲ.”

“ಹಾಗಾದ್ರೆ ಅವರಿಗಿಂತ ನೀವೇನು ಮೇಲು?”

“ನನಗೆ ಗೊತ್ತಿದೆ. ಅವರಿಗೆ ಗೊತ್ತಿಲ್ಲ.”

ಅವನಿಗೆ ಗೊತ್ತಿದ್ದದ್ದು ರೆಪ್ಪೆಯ ವಿಷಯ. ನಾಲ್ಕು ಕೊಂಬಿನದನ್ನು ನಾಲ್ಕು ಕೊಂಬಿನದಕ್ಕೇ ಕೂಡಿಸುತ್ತ ಹೋದರೆ ತಲೆಬುರುಡೆ ಕೊಂಬಿಗೆ ಜಾಗ ಬಿಟ್ಟೂ ಬಿಟ್ಟೂ ಸೋಲುತ್ತದೆ. ಮರಿಗಳ ಮೇಲಿನ ರೆಪ್ಪೆ ನಡುವೆ ಸೀಳಿಕೊಂಡು ಹುಟ್ಟುತ್ತದೆ, ಕತ್ತರಿಯಿಂದ ಕಚ್ಚು ಹಾಕಿದ ಬಟ್ಟೆಯಂತೆ. ಸೀಳಿದ ಕಡೆ ಕೂದಲು ಒಳಮುಖವಾಗಿ ಬೆಳೆದು ಕಣ್ಣಿನ ಗುಡ್ಡೆಯನ್ನು ಉಜ್ಜುತ್ತದೆ. ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಇದಕ್ಕೆ ಮದ್ದು ಒಂದೇ: ನಡುನಡುವೆ ಎರಡು ಕೊಂಬಿನ ರಕ್ತ ಸೇರಿಸಬೇಕು. ಮಾವ ಹಿಂಡು ಒಡೀಬೇಡಿ ಎಂದದ್ದು ಅದಕ್ಕೇ.

ಮರಿ ಹುಟ್ಟಿದೊಡನೆ ಕನ್ನಡಕದವನು ಅದರ ಮುಖವನ್ನು ಎರಡು ಕೈಯಲ್ಲಿ ಹಿಡಿದು ಹತ್ತಿರ ಬಾಗಿ ಮೆಲ್ಲಗೆ ಕಣ್ಣಿಗೆ ಊದುತ್ತಿದ್ದ. ಅಂಗಡಿಯಲ್ಲಿ ಮಸೂರದ ಮೇಲಿನ ದೂಳಿಗೆ ಊದುವ ಹಾಗೆಯೇ. ಮರಿ ಕಣ್ಣು ಮುಚ್ಚಬೇಕು. ಮೇಲಿನ ರೆಪ್ಪೆ ಕೆಳಗಿನದಕ್ಕೆ ಪೂರ್ತಿ ಕೂಡಬೇಕು. ಮೊದಮೊದಲು ಎಲ್ಲವೂ ಕೂಡುತ್ತಿದ್ದವು. ಆಮೇಲೆ ಒಂದೊಂದರಲ್ಲಿ ಕೂದಲೆಳೆಯಷ್ಟು ಸಂದು. ಆಮೇಲೆ ಅಕ್ಕಿಕಾಳಿನಷ್ಟು. ಪ್ರದರ್ಶನದ ಹಿಂದಿನ ದಿನ ಅವನು ಭೂತಗನ್ನಡಿ ಹಾಕಿಕೊಂಡು, ಟಗರಿನ ಒಳಮುಖದ ಕೂದಲನ್ನು ಚಿಮಟದಿಂದ ಒಂದೊಂದಾಗಿ ಕೀಳುತ್ತಿದ್ದ. ಹುಬ್ಬಿನ ಉಣ್ಣೆಯನ್ನು ಸೀಳಿನ ಮೇಲೆ ಬಾಚುತ್ತಿದ್ದ. ತೀರ್ಪುಗಾರರು ಬಂದು ಕೊಂಬು ಅಳೆದು ಬೆನ್ನು ತಟ್ಟಿ ಹೋಗುತ್ತಿದ್ದರು. ಕುರಿಯ ಕಣ್ಣನ್ನು ಒಬ್ಬನೂ ನೋಡಲಿಲ್ಲವಲ್ಲ ಎಂದು ಅವನು ಮನೆಗೆ ಬಂದು ನಗುತ್ತಿದ್ದ. ಕಾಣದವರನ್ನು ಕಂಡು ನಗುವವನು ಕಂಡೂ ಮುಚ್ಚಿಟ್ಟವನಾಗಿದ್ದ. ಊರಿನ ಮೂರ್ಖತನ ಒಂದು ತೂಕವಾದರೆ ಇದು ಇನ್ನೊಂದು ತೂಕ, ಮತ್ತು ಇದೇ ಭಾರ. ಅವನನ್ನು ಪ್ರೀತಿಸಿದವರೂ ಇದನ್ನು ಬೇರೆ ರೀತಿ ಹೇಳಲು ಸಾಧ್ಯವಿಲ್ಲ.

ಆಮೇಲೆ ಮಸಿಮೂತಿ ಈಯಿತು. ಹಿಂಡಿನಲ್ಲಿ ಅವನಿಗೆ ಹೆಚ್ಚು ಇಷ್ಟವಾದ ಕುರಿ ಅದು. ಮೂತಿಯೊಂದು ಬಿಟ್ಟರೆ ಮೈಯೆಲ್ಲ ಬಿಳಿ. ಬಹುಮಾನದ ಕಪ್ಪು ಗೆದ್ದ ಟಗರಿನಿಂದಲೇ ಅದಕ್ಕೆ ಆದ ಮರಿ. ಅವನು ಮುಖ ಹಿಡಿದು ಊದಿದ. ಬಲಗಣ್ಣು ಹೇಗೋ ಮುಚ್ಚಿತು. ಎಡಗಣ್ಣಿನಲ್ಲಿ ಮುಚ್ಚಲು ರೆಪ್ಪೆಯೇ ಇರಲಿಲ್ಲ. ಎರಡು ಮೂಲೆಗಳಲ್ಲಿ ಎರಡು ಚೂರು ಚರ್ಮವಿತ್ತು. ನಡುವೆ ಕಣ್ಣು ಹಾಗೆಯೇ ತೆರೆದುಕೊಂಡು ಅವನನ್ನು ನೋಡುತ್ತಿತ್ತು.

ಅವನು ಹನಿ ಹಾಕಿದ, ಮುಲಾಮು ಹಚ್ಚಿದ, ಗಾಳಿಗೆ ಒಣಗದಿರಲೆಂದು ಒದ್ದೆ ಬಟ್ಟೆ ಕಟ್ಟಿದ. ಅಂಗಡಿಗೆ ಬೀಗ ಹಾಕಿ ದೊಡ್ಡಿಯಲ್ಲೇ ಕೂತ. ಎಡಗಣ್ಣು ಮೊದಲು ಕೆಂಪಾಯಿತು, ಆಮೇಲೆ ಹಾಲುಗಾಜಿನ ಹಾಗೆ ಬೆಳ್ಳಗಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ನನ್ನ ತಮ್ಮನ ಹತ್ರ ಹೋಗಿ,” ಎಂದಳು.

“ಯಾಕೆ? ನಲ್ಲಿ ಸೋರ್ತಿದೆಯಾ?”

“ಹೌದು, ಸೋರ್ತಿದೆ. ಅದರ ಕಣ್ಣು ನೋಡಿ.”

“ಅವನ ಮೇಕೆ ತಂದು ನನ್ನ ಹಿಂಡಿಗೆ ಬಿಡ್ಲಾ?”

“ಬಿಡ್ಬೇಡಿ. ಮುಂದಿನ ಮರಿಗೂ ಹೀಗೇ ಬಟ್ಟೆ ಕಟ್ಟಿ. ಅದರ ಮುಂದಿನದಕ್ಕೂ ಕಟ್ಟಿ. ಕೊನೆಗೆ ಕಪ್ಪು ಒಂದನ್ನ ಇಟ್ಕೊಂಡು ನಾವಿಬ್ಬರೂ ನೋಡ್ತಾ ಕೂರೋಣ. ನಮಗಾದ್ರೂ ಕಣ್ಣು ಚೆನ್ನಾಗಿದೆಯಲ್ಲ.”

ಅವನು ಆ ವಾರವೆಲ್ಲ ಅವಳೊಡನೆ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ.

ಭಾವಮೈದನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸಿಂಕು ಕಟ್ಟಿಕೊಂಡಿತ್ತು. ಊರವರ ನಲ್ಲಿಯೆಲ್ಲ ಸರಿಮಾಡುವವನ ಮನೆಯಲ್ಲಿ ಕೆಳಗೆ ಬಕೆಟ್ಟು ಇಟ್ಟಿದ್ದರು. ಅವನು ಸಿಂಕಿನ ಕೆಳಗೆ ಅಂಗಾತ ಮಲಗಿ ತಲೆ ಒಳಗೆ ತೂರಿಸಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

“ಯಾರು?”

“ನಾನು.”

“ಓ, ಭಾವ! ದಾರಿ ತಪ್ಪಿ ಬಂದ್ರಾ? ಸ್ವಲ್ಪ ಆ ದೊಡ್ಡ ಸ್ಪ್ಯಾನರ್ ಕೊಡಿ. ಅದಲ್ಲ. ಅದೂ ಅಲ್ಲ. ಕಣ್ಣಿನ ಡಾಕ್ಟ್ರೇ, ಕೆಂಪು ಹಿಡಿ ಇರೋದು.”

ಕನ್ನಡಕದವನು ಕೆಂಪು ಹಿಡಿಯದನ್ನು ಕೊಟ್ಟ. ಮುಖ ಕಾಣದೆ ಇದ್ದದ್ದು ಒಳ್ಳೆಯದೇ ಆಯಿತು. ಅವನು ಆ ಎರಡು ಕಾಲುಗಳಿಗೆ ಹೇಳಿದ:

“ನಿನ್ನ ಟಗರು ಬೇಕಿತ್ತು.”

“ಏನಂದ್ರಿ? ನೀರಿನ ಸದ್ದು, ಕೇಳಿಸ್ಲಿಲ್ಲ.”

“ನೀರು ಬಂದ್ ಮಾಡಿದೀಯಲ್ಲೋ!”

“ಬಂದ್ ಮಾಡಿದೀನಾ? ಇರ್ಲಿ. ಇನ್ನೊಂದ್ಸಲ ಹೇಳಿ.”

“ಟಗರು ಬೇಕು ಅಂದೆ. ಎರಡು ಕೊಂಬಿಂದು.”

“ಮೇಕೆನಾ?”

ಹೆಂಡತಿ ಎಲ್ಲವನ್ನೂ ತಮ್ಮನಿಗೆ ಹೇಳುತ್ತಿದ್ದಳು ಎಂದು ಕನ್ನಡಕದವನಿಗೆ ಆಗ ತಿಳಿಯಿತು.

“ಇದು ಕೇಳೋದಲ್ಲ ಭಾವ,” ಎಂದವು ಕಾಲುಗಳು. “ಇದು ಅಂಗಡೀಲಿ ಆರ್ಡರ್ ಕೊಡೋ ಹಾಗಿದೆ. ನನ್ನ ಹತ್ರ ಕೇಳ್ಬೇಕು ನೀವು.”

“ಮಸಿಮೂತಿ ಮರಿಗೆ ರೆಪ್ಪೆ ಇಲ್ಲ ಕಣೋ,” ಎಂದ ಅವನು. “ಎಡಗಣ್ಣು ಹೋಯ್ತು. ನಾನೇ ಕಳೆದೆ. ನಿನ್ನ ಕಾಲು ಹಿಡ್ಕೊಬೇಕಾದ್ರೆ ಹೊರಗೇ ಇದೆ, ಹಿಡ್ಕೊತೀನಿ.”

ಸಿಂಕಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಭಾವಮೈದ ಮೆಲ್ಲಗೆ ಹೊರಗೆ ಬಂದು ಕೂತ. ಮುಖದ ತುಂಬ ಕೆಸರು. ಅಳಿಸಿಕೊಳ್ಳಲಿಲ್ಲ.

“ಬಲಗಣ್ಣು?”

“ಮುಚ್ಚುತ್ತೆ.”

“ಅಪ್ಪ ಹೇಳಿದ್ದು ನೀವೂ ಕೇಳ್ಸ್ಕೊಂಡ್ರಿ, ನಾನೂ ಕೇಳ್ಸ್ಕೊಂಡೆ,” ಎಂದ ಅವನು. “ಹೀಗಾಗುತ್ತೆ ಅಂತ ನನಗೂ ಗೊತ್ತಿತ್ತು. ಅಕ್ಕ ಬಂದು ಸಂದು ದೊಡ್ಡದಾಗ್ತಿದೆ ಅಂದಾಗೆಲ್ಲ, ಆಗ್ಲಿ ಬಿಡು, ಅವರೇ ಬರ್ಲಿ ಅಂತಿದ್ದೆ. ಇವತ್ತು ಬಂದ್ರಿ. ಇದಕ್ಕೇ ಕಾದಿದ್ದೆ. ಈಗ ಏನೂ ಮಜಾ ಇಲ್ಲ.”

“ಇಬ್ಬರಲ್ಲಿ ನೀನಾದ್ರೂ ಬುದ್ಧಿವಂತ ಅಂದ್ಕೊಂಡಿದ್ದೆ,” ಎಂದ ಕನ್ನಡಕದವನು. ಅವನ ಬಾಯಿಂದ ಯಾರಿಗಾದರೂ ಬಂದ ಹೊಗಳಿಕೆಯೆಂದರೆ ಅದೇ.

ಟಗರಿನ ಕಾಲು ಸ್ವಲ್ಪ ಸೊಟ್ಟ, ಕೊಂಬು ಕುಳ್ಳು. ಕನ್ನಡಕದವನು ಮುಖ ಹಿಡಿದು ಊದಿದ. ರೆಪ್ಪೆಗಳು ಬೀಗದ ಹಾಗೆ ಕೂಡಿಕೊಂಡವು. ಅದು ತಲೆ ಕೊಡವಿ ಅವನ ಇಸ್ತ್ರಿ ಅಂಗಿಯ ಮೇಲೆ ಸೀನಿತು.

“ಆಟೋದಲ್ಲಿ ಹಾಕಿಸಿ ಕಳಿಸ್ಲಾ?” ಎಂದ ಭಾವಮೈದ. “ಯಾರೂ ನೋಡಲ್ಲ.”

“ಬೇಡ. ಅವತ್ತು ನೀನು ನಡೆಸ್ಕೊಂಡು ಹೋಗಿದ್ದೆ.”

ಹಾಗೆ ಅವನು ಎರಡು ಕೊಂಬಿನ ಟಗರಿಗೆ ಹಗ್ಗ ಹಾಕಿ ದೊಡ್ಡ ಬೀದಿಯಲ್ಲೇ ನಡೆಸಿಕೊಂಡು ಬಂದ. ಬೇರೆ ದಾರಿ ಇರಲಿಲ್ಲವೆಂದಲ್ಲ. ಫೋಟೋ ಸ್ಟುಡಿಯೋದವನು ಹೊರಗೆ ಬಂದು ನೋಡಿದ. ಚಪ್ಪಲಿ ಅಂಗಡಿಯವನು, “ಎರಡು ಎಲ್ಲಿ ಉದುರಿಸ್ಕೊಂಡು ಬಂದ್ರಿ?” ಎಂದ. ಟೈಲ್ಸ್ ಅಂಗಡಿಯ ಮೆಟ್ಟಿಲ ಮೇಲೆ ಅಧ್ಯಕ್ಷ ನಿಂತಿದ್ದ, ಪಕ್ಕದಲ್ಲಿ ಸಂಘದ ಇನ್ನಿಬ್ಬರು ಚಹಾ ಹೀರುತ್ತಿದ್ದರು.

“ಏನ್ ಸಾರ್ ಇದು?” ಎಂದ ಅಧ್ಯಕ್ಷ. “ಕಟುಕರ ಅಂಗಡಿ ಆ ಕಡೆ.”

“ಕಟುಕರು ಕುರಿ ಕೊಯ್ಯೋಕ್ಮುಂಚೆ ಒಂದ್ಸಲ ಆದ್ರೂ ಮುಖ ನೋಡ್ತಾರೆ. ನೀವು ಅದನ್ನೂ ನೋಡಲ್ಲ,” ಎಂದ ಕನ್ನಡಕದವನು. “ಇದು ನನ್ನ ಹಿಂಡಿಗೆ ಬಿಡೋ ಟಗರು.”

ಅಧ್ಯಕ್ಷನಿಗೆ ನಗು ಬಂತು, ಆಮೇಲೆ ಅದು ತಮಾಷೆಯಲ್ಲವೆಂದು ಗೊತ್ತಾಯಿತು. “ನಿಯಮ ಇದೆ ಸಾರ್. ನೀವೇ ಮಾಡಿಸಿದ್ದು. ಎರಡು ಕೊಂಬಿನದನ್ನ ಸೇರಿಸಿದ್ರೆ ನಿಮ್ಮನ್ನ ಸಂಘದಿಂದ ತೆಗೀಬೇಕಾಗುತ್ತೆ.”

“ತೆಗೀರಿ. ಮೂರ್ಖರು ಮಾಡಿದ ನಿಯಮಕ್ಕಿಂತ ಗೊತ್ತಿದ್ದವನು ಮಾಡಿದ ನಿಯಮ ಹೆಚ್ಚು ಹೊಲಸು. ನಿಮ್ಮ ಟಗರುಗಳ ಹುಬ್ಬಿನ ಉಣ್ಣೆ ಎತ್ತಿ ಒಂದ್ಸಲ ನೋಡಿ. ಅವೆಲ್ಲ ನನ್ನ ಟಗರಿಗೇ ಹುಟ್ಟಿದ್ದು. ನಾನು ಬಾಚಿ ಮುಚ್ತಿದ್ದೆ. ನೀವು ಕೈ ಕುಲುಕಿ ಕಪ್ಪು ಕೊಡ್ತಿದ್ರಿ.”

ಹಗ್ಗ ಎಳೆದುಕೊಂಡು ಮುಂದೆ ಹೋದ. ಎರಡು ಹೆಜ್ಜೆ ಹೋಗಿ ತಿರುಗಿ, “ಕನ್ನಡಕ ಎಡಗಡೆ ವಾಲಿದೆ. ಅಂಗಡಿಗೆ ಬನ್ನಿ, ಸರಿ ಮಾಡ್ತೀನಿ,” ಎಂದ.

ಅಧ್ಯಕ್ಷ ಬರಲಿಲ್ಲ. ಸಂಘದವರು ಅವನ ಹೆಸರು ತೆಗೆದರು. ಉಣ್ಣೆ ಎತ್ತಿ ನೋಡಿದವನು ಒಬ್ಬನೂ ಇಲ್ಲ.

ಕನ್ನಡಕದವನು ಕಪ್ಪು ಗೆದ್ದ ಟಗರಿನ ಬೀಜ ಒಡೆಸಿದ. ಎರಡು ಕೊಂಬಿನದನ್ನು ಹಿಂಡಿಗೆ ಬಿಟ್ಟ. ಕುರಿಗಳ ಹೊಟ್ಟೆ ತುಂಬಿಕೊಳ್ಳುತ್ತ ಬಂದಂತೆ ಭಾವಮೈದ ಸಂಜೆ ಸಂಜೆ ಬಂದು ದೊಡ್ಡಿಯ ಕಟ್ಟೆಯ ಮೇಲೆ ಕೂರತೊಡಗಿದ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ ಹುಲ್ಲು ಹಾಕುತ್ತಿದ್ದರು. ಒಂಟಿಕಣ್ಣಿನ ಮರಿ ಇಬ್ಬರ ಕಾಲಿಗೂ ಡಿಕ್ಕಿ ಹೊಡೆಯುತ್ತ ಬೆಳೆಯಿತು. ಅದರ ಮುಖ ಹಿಡಿದು ಬಲಗಣ್ಣಿಗೆ ಊದಿ ನೋಡುವುದನ್ನು ಕನ್ನಡಕದವನು ಒಂದು ಸಂಜೆಯೂ ಬಿಡಲಿಲ್ಲ. “ಮಸಿಮೂತಿ ಈದ ಮೇಲೆ ನೋಡೋಣ ನಿನ್ನ ಮೇಕೆ ಯೋಗ್ಯತೆ,” ಎನ್ನುತ್ತಿದ್ದ ಕನ್ನಡಕದವನು.

ನೋಡಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ, ಯಾರದೋ ಕನ್ನಡಕದ ಕಡ್ಡಿಗೆ ಸ್ಕ್ರೂ ಹಾಕುತ್ತ ಮೇಜಿನ ಮೇಲೆ ತಲೆಯಿಟ್ಟ. ಚಪ್ಪಲಿ ಅಂಗಡಿಯವನು ಮೊದಲು ಕಂಡದ್ದು. ಸ್ಕ್ರೂ ಅರ್ಧ ತಿರುಗಿತ್ತು. ಭಾವಮೈದ ಓಡಿ ಬಂದ, ಕೈಯಲ್ಲಿ ಇನ್ನೂ ಪೈಪಿನ ತುಂಡಿತ್ತು. ಅವನೇ ಭಾವನ ಕಣ್ಣು ಮುಚ್ಚಿದವನು. ಆ ಅರ್ಧ ತಿರುಗಿದ ಸ್ಕ್ರೂವನ್ನು ಆಮೇಲೆ ಪೂರ್ತಿ ಹಾಕಿ, ಕನ್ನಡಕವನ್ನು ಅದರ ಯಜಮಾನನ ಮನೆಗೆ ಕೊಟ್ಟು ಬಂದವನೂ ಅವನೇ. ಸ್ವಲ್ಪ ವಾಲಿತ್ತಂತೆ. ಯಜಮಾನನಿಗೆ ಗೊತ್ತಾಗಲಿಲ್ಲ.

ಸಂತಾಪ ಸಭೆ ಮುಗಿದ ಮೇಲೆ ಅಧ್ಯಕ್ಷ ಆ ದೊಡ್ಡ ಫೋಟೋವನ್ನು ಸತ್ತವನ ಹೆಂಡತಿಯ ಕೈಗಿಟ್ಟ. “ನಮ್ಮ ಆಧಾರಸ್ತಂಭ,” ಎಂದ ಇನ್ನೊಮ್ಮೆ. ಹೆಸರು ತೆಗೆದುಹಾಕಿದ್ದು ಅವನಿಗೆ ನೆನಪಿರಲಿಲ್ಲವೋ, ಸತ್ತವರಿಗೆ ನೆನಪಿರುವುದಿಲ್ಲ ಎಂಬ ಧೈರ್ಯವೋ. ಅವಳು ಫೋಟೋ ತೆಗೆದುಕೊಂಡಳು. ಅಕ್ಕ ತಮ್ಮ ಇಬ್ಬರೂ ನಡೆದು ಮನೆಗೆ ಬಂದರು.

ದೊಡ್ಡಿಯಲ್ಲಿ ಮಸಿಮೂತಿ ಮಲಗಿ ಕತ್ತು ಚಾಚಿತ್ತು. ಅವರು ಬಟ್ಟೆ ಬದಲಿಸುವಷ್ಟರಲ್ಲಿ ಈದಿತ್ತು. ಎರಡು ಮರಿ. ತಡಿಕೆಯಲ್ಲಿ ಒಂದು ಕಡೆ ಮುರಿದು ಕಿಂಡಿ ಬಿದ್ದಿತ್ತು, ಮರಿ ತೂರಿ ಆಚೆ ಹೋಗುವಷ್ಟು. ಅವಳು ಅತ್ತಿತ್ತ ನೋಡಿ, ಸಂಘದ ಫೋಟೋವನ್ನು ಅದಕ್ಕೆ ಅಡ್ಡ ಇಟ್ಟು ಹಿಂದೆ ಒಂದು ಇಟ್ಟಿಗೆ ಒತ್ತರಿಸಿದಳು. “ಸಂಘದಿಂದ ಕೊನೆಗೂ ಒಂದು ಉಪಯೋಗ ಆಯ್ತು,” ಎಂದಳು.

ತಮ್ಮ ಒಂದು ಮರಿಯ ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿದ. ಚರ್ಮದ ಕೆಳಗೆ ಕೊಂಬಿನ ಮೊಳಕೆ ಸಿಗುತ್ತದೆ.

“ಎಷ್ಟು?”

“ನಾಲ್ಕು.”

“ಇನ್ನೊಂದು?”

“ಎರಡು.”

“ಮೇಕೆ,” ಎಂದಳು ಅವಳು. ನಗಲು ಹೋದಳು, ಸರಿಯಾಗಿ ಆಗಲಿಲ್ಲ.

ಅವನು ನಾಲ್ಕು ಕೊಂಬಿನ ಮರಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದ. ಹಿಡಿಯುವ ರೀತಿ ಅವನದಾಗಿರಲಿಲ್ಲ, ಭಾವನದು. ಸಂಜೆ ಸಂಜೆ ಕಟ್ಟೆಯ ಮೇಲೆ ಕೂತು ನೋಡಿ ಕಲಿತದ್ದು. ಬಾಗಿ ಮೆಲ್ಲಗೆ ಊದಿದ. ಮರಿ ಎರಡೂ ಕಣ್ಣು ಮುಚ್ಚಿತು. ಮೇಲಿನ ರೆಪ್ಪೆ ಕೆಳಗಿನದಕ್ಕೆ ಕೂಡಿತು. ಸಂದು ಇರಲಿಲ್ಲ.

“ಸರಿಯಾಗಿ ನೋಡಿದ್ಯಾ?” ಎಂದಳು ಅಕ್ಕ.

“ನೋಡ್ದೆ.”

“ನಿನಗೇನು ಕಾಣುತ್ತೆ, ನಲ್ಲಿಯವನಿಗೆ. ಇನ್ನೊಂದ್ಸಲ ಊದು.”

ಅವನು ಇನ್ನೊಂದು ಸಲ ಊದಿದ.